ಉರಿಗಾಂ ಮೈದಾನದಲ್ಲಿ ಚೀಲ ಹೊತ್ತವರು

ಇಂಡಿಯನ್ ಓಪನ್ ಗಾಲ್ಫ್ ಪಂದ್ಯಾವಳಿಯಲ್ಲಿ ಗೆದ್ದವರ ಪಟ್ಟಿಯನ್ನು ಓದುತ್ತಾ ಬಂದರೆ 2009ರ ಸಾಲಿನಲ್ಲಿ ಕಣ್ಣು ನಿಲ್ಲುತ್ತದೆ. ಅಲ್ಲಿರುವ ಹೆಸರು ಚಿನ್ನಸ್ವಾಮಿ ಮುನಿಯಪ್ಪ. ಬೆಂಗಳೂರಿನಲ್ಲಿ ಆಟಗಾರರ ಚೀಲ ಹೊರುವ ಕ್ಯಾಡಿಯಾಗಿದ್ದವರು ಆ ವರ್ಷ ದೆಹಲಿ ಪಕ್ಕದ ಗುರುಗ್ರಾಮದಲ್ಲಿ, ಸಮಬಲವಾದಾಗ ಆಡುವ ಪ್ಲೇ ಆಫ್‌ನಲ್ಲಿ ಕೊರಿಯಾದ ಆಟಗಾರನನ್ನು ಸೋಲಿಸಿ ದೇಶದ ದೊಡ್ಡ ಗಾಲ್ಫ್ ಪ್ರಶಸ್ತಿಯನ್ನು ಗೆದ್ದರು. ಮುನಿಯಪ್ಪ ಎಂಬ ಹೆಸರಿನವರು ಕೋಲಾರ ಸೀಮೆಯ ಯಾವ ಊರಿಗೆ ಹೋದರೂ ಸಿಗುತ್ತಾರೆ. ಆ ಹೆಸರನ್ನು ಆ ಪಟ್ಟಿಯಲ್ಲಿ ಓದಿದ ದಿನದಿಂದ ಕೆಜಿಎಫ್‌ನ ಉರಿಗಾಂ ಎಂಬಲ್ಲಿನ ಹಳೆಯ ಗಾಲ್ಫ್ ಮೈದಾನವನ್ನು ನೋಡಬೇಕು, ಅಲ್ಲಿ ಚೀಲ ಹೊತ್ತವರು ಯಾರಾದರೂ ಸಿಕ್ಕರೆ ಮಾತನಾಡಿಸಬೇಕು ಎಂಬ ಆಸೆ ನನ್ನಲ್ಲಿ ಬೇರೂರಿತ್ತು. ಬೆಂಗಳೂರಿನಲ್ಲಿ ಗಾಲ್ಫ್ ಕಲಿಯುತ್ತಿರುವ ಅಕ್ಕನ ಮಗ ಕ್ರಿಸ್‌ಮಸ್ ರಜೆಯಲ್ಲಿ ಬೈಕ್ ತೆಗೆದ. ನಾನು ಹಿಂದೆ ಕುಳಿತೆ.

ಶುಕ್ರವಾರ: ಹೊಸಕೋಟೆ, ನರಸಾಪುರ, ಕೋಲಾರ

ಹೊಸಕೋಟೆ ದಾಟುವವರೆಗೂ ಮಂಜು ಬಿಡಲಿಲ್ಲ. ಮುಂದಿನ ಲಾರಿಯ ಕೆಂಪು ದೀಪ ಬಿಟ್ಟರೆ ಬೇರೇನೂ ಕಾಣದ ರಸ್ತೆಯಲ್ಲಿ ಮಾತೂ ಬೇಡವೆನಿಸುತ್ತದೆ. ಡಿಸೆಂಬರ್‌ನಲ್ಲಿ ಈ ದಾರಿಗೆ ಬರುವವರು ಎಂಟು ಗಂಟೆಯ ನಂತರ ಹೊರಡುವುದು ಒಳ್ಳೆಯದು. ಹೆದ್ದಾರಿ ಅಗಲವಾಗಿದೆ ನಿಜ, ಆದರೆ ಪಕ್ಕದ ಹಳ್ಳಿಗಳಿಂದ ಟೊಮೆಟೊ ಹೊತ್ತ ಗಾಡಿಗಳು ಯಾವ ತಿರುವಿನಿಂದ ಬರುತ್ತವೆ ಎಂದು ಹೇಳಲಾಗದು.

ನರಸಾಪುರದ ಹತ್ತಿರ ಮಂಜು ಹರಿಯಿತು. ಹೆದ್ದಾರಿ ಬಿಟ್ಟು ಲಕ್ಷ್ಮೀಸಾಗರ ಕೆರೆಯ ಏರಿಯ ಮೇಲೆ ಬೈಕ್ ನಿಲ್ಲಿಸಿದೆವು. 2018ರಲ್ಲಿ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ಬೆಂಗಳೂರಿನಿಂದ ಹೊರಟು ಮೊದಲು ಬಂದು ಸೇರಿದ್ದು ಈ ಕೆರೆಗೆ. ಸಾವಿರ ಅಡಿ ಕೊರೆದರೂ ತೇವ ಕಾಣದ ಕೊಳವೆಬಾವಿಗಳ ಜಿಲ್ಲೆಯಲ್ಲಿ ತುಂಬಿದ ಕೆರೆ ನೋಡುವುದೇ ಒಂದು ಸಮಾಧಾನ. ಆ ನೀರಿನ ಗುಣದ ಬಗ್ಗೆ ಇಲ್ಲಿನ ರೈತರು ಎತ್ತುತ್ತಿರುವ ಪ್ರಶ್ನೆಗಳೂ ನ್ಯಾಯವಾದವೇ. ಏರಿಯ ಮೇಲೆ ಎಮ್ಮೆ ಹೊಡೆದುಕೊಂಡು ಬಂದ ಅಜ್ಜಿಯನ್ನು ನನ್ನ ಸೋದರಳಿಯ ಕೇಳಿದ:

"ಅಜ್ಜೀ, ಈಗ ಬಾವಿಯಲ್ಲಿ ನೀರು ಬಂದಿದೆಯಾ?"

"ಬಂದಿದೆ ಕಣಪ್ಪ. ಕುಡಿಯೋಕೆ ಮಾತ್ರ ಬೇರೆ ಕಡೆಯಿಂದ ತರುತ್ತೇವೆ" ಎಂದು ಹೇಳಿ ಎಮ್ಮೆಯ ಹಿಂದೆ ಹೋದರು.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಮಾವ, ನಾನು ಆಡುವ ಕಡೆ ದಿನಾ ಬೆಳಿಗ್ಗೆ ಹುಲ್ಲಿಗೆ ನೀರು ಹಾರಿಸುತ್ತಾರೆ. ಎಷ್ಟೆಂದು ಒಂದು ದಿನವೂ ಕೇಳಿಲ್ಲ" ಎಂದ. ಈ ಮಾತನ್ನು ನಾನು ಮರೆಯಲಿಲ್ಲ, ಮರುದಿನ ಅದಕ್ಕೆ ಉತ್ತರ ಸಿಕ್ಕಿತು.

ಕೋಲಾರದಲ್ಲಿ ಕೊಠಡಿ ಹಿಡಿದು ಚೀಲ ಇಟ್ಟು ಅಂತರಗಂಗೆಗೆ ಹೋದೆವು. ಕಲ್ಲಿನ ಬಸವನ ಬಾಯಿಂದ ವರ್ಷವಿಡೀ ನೀರು ಬೀಳುವ ಜಾಗ. ಮೆಟ್ಟಿಲು ಹತ್ತುವಾಗ ಕೈಯಲ್ಲಿ ತಿಂಡಿಯ ಪೊಟ್ಟಣ ಹಿಡಿಯಬಾರದು, ಕೋತಿಗಳು ಕೇಳಿ ತೆಗೆದುಕೊಳ್ಳುವ ಜಾತಿಯಲ್ಲ. ಸಂಜೆ ಕೋಲಾರಮ್ಮನ ಗುಡಿ. ಅಲ್ಲಿಯೇ ಇರುವ ಚೇಳಮ್ಮನಿಗೂ ಕೈಮುಗಿದು, ಕಲ್ಲುಗಳ ಮೇಲಿನ ತಮಿಳು ಶಾಸನಗಳನ್ನು ನೋಡುತ್ತಾ ಕತ್ತಲಾಗುವವರೆಗೂ ಕುಳಿತೆವು.

ಬಸ್ ನಿಲ್ದಾಣದ ಹತ್ತಿರ ಅವರೆಕಾಯಿ ರಾಶಿಗಳ ಸೊಗಡು ಬೀದಿಯನ್ನೇ ತುಂಬಿತ್ತು. ಒಂದು ಚಿಕ್ಕ ಹೋಟೆಲಿನಲ್ಲಿ ಹಿತಕಿದ ಬೇಳೆ ಸಾರು, ರಾಗಿ ಮುದ್ದೆ, ಮೇಲೆ ಒಂದು ಚಮಚ ತುಪ್ಪ. ಚಳಿಯಲ್ಲಿ ಇದಕ್ಕಿಂತ ದೊಡ್ಡ ಊಟ ಕೋಲಾರದಲ್ಲಿ ಇಲ್ಲ, ಬೇರೆಲ್ಲೂ ಇರಲಾರದು ಎಂದೇ ನನ್ನ ನಂಬಿಕೆ. ಕೆಜಿಎಫ್‌ಗೆ ಗಾಲ್ಫ್ ನೋಡಲು ಹೊರಟಿದ್ದೇವೆ ಎಂದಾಗ ಹೋಟೆಲಿನ ಯಜಮಾನರು ಮುದ್ದೆ ಮುರಿಯುತ್ತಿದ್ದ ನಮ್ಮನ್ನೇ ನೋಡಿದರು. "ಅದು ದೊರೆಗಳ ಆಟ ಅಲ್ಲವಾ ಸಾರ್? ನಮ್ಮವರು ಅಲ್ಲಿ ಚೆಂಡು ಹುಡುಕಿ ಕೊಡುತ್ತಿದ್ದರು, ಅಷ್ಟೇ."

ಅಷ್ಟೇ ಎಂಬ ಅವರ ಮಾತು ನನ್ನನ್ನು ರಾತ್ರಿ ಮಲಗಲು ಬಿಡಲಿಲ್ಲ. ಸೋದರಳಿಯನಿಗೆ ಇಂಡಿಯನ್ ಓಪನ್‌ನ ಕಥೆಯನ್ನು ಮೊದಲಿನಿಂದ ಹೇಳಿದೆ. ಆಸ್ಟ್ರೇಲಿಯಾದ ಪೀಟರ್ ಥಾಮ್ಸನ್, ಬ್ರಿಟಿಷ್ ಓಪನ್ ಅನ್ನು ಐದು ಬಾರಿ ಗೆದ್ದಾತ, ಇಂಥದೊಂದು ಪಂದ್ಯಾವಳಿ ಇಲ್ಲಿ ನಡೆಯಬೇಕೆಂದು ಒತ್ತಾಸೆಯಾಗಿ ನಿಂತದ್ದು. 1964ರಲ್ಲಿ ದೆಹಲಿಯಲ್ಲಿ ನಡೆದ ಮೊದಲ ಪಂದ್ಯಾವಳಿಯನ್ನು ಆತನೇ ಗೆದ್ದದ್ದು. ಮರುವರ್ಷ ಕಲ್ಕತ್ತದಲ್ಲಿ ಬಿಲ್ಲೂ ಸೇಠಿ ಎಂಬ ಭಾರತೀಯ, ಹಣಕ್ಕಾಗಿ ಆಡದ ಹವ್ಯಾಸಿ, ವೃತ್ತಿಪರರನ್ನೆಲ್ಲ ಹಿಂದಿಕ್ಕಿ ಗೆದ್ದದ್ದು. ಅಲ್ಲಿಂದ ಮುಂದೆ ಕಾಲು ಶತಮಾನ ನಮ್ಮವರಾರೂ ಗೆಲ್ಲಲಿಲ್ಲ. ಗೆದ್ದಾಗ ಗೆದ್ದವರು ಯಾರು? 1991ರಲ್ಲಿ ಅಲಿ ಶೇರ್. ದೆಹಲಿ ಗಾಲ್ಫ್ ಕ್ಲಬ್‌ನಲ್ಲಿ ಕ್ಯಾಡಿಯಾಗಿದ್ದವರು. 1993ರಲ್ಲಿ ಮತ್ತೆ ಅವರೇ.

"ಆಮೇಲೆ ಚೌರಾಸಿಯಾ" ಎಂದ ಅವನು, ಕಂಬಳಿಯೊಳಗಿನಿಂದಲೇ.

ಹೌದು, ಎಸ್.ಎಸ್.ಪಿ. ಚೌರಾಸಿಯಾ. ತಂದೆ ರಾಯಲ್ ಕಲ್ಕತ್ತ ಗಾಲ್ಫ್ ಕ್ಲಬ್‌ನಲ್ಲಿ ಹುಲ್ಲು ನೋಡಿಕೊಳ್ಳುವ ಕೆಲಸದವರು. 1829ರಲ್ಲಿ ಹುಟ್ಟಿದ, ಬ್ರಿಟಿಷ್ ದ್ವೀಪಗಳ ಹೊರಗಿನ ಅತ್ಯಂತ ಹಳೆಯ ಗಾಲ್ಫ್ ಕ್ಲಬ್ ಅದು. 1999ರಲ್ಲಿ ಚೌರಾಸಿಯಾ ಎರಡನೆಯವರಾದರು. ಮುಂದೆಯೂ ಪ್ರಶಸ್ತಿ ಕೈಗೆ ಬಂದು ಜಾರುತ್ತಲೇ ಹೋಯಿತು. 2015ರಲ್ಲಿ ಪ್ಲೇ ಆಫ್‌ನಲ್ಲಿ ಅನಿರ್ಬನ್ ಲಾಹಿರಿ ಎದುರು ಸೋತರು. ಬಿಡಲಿಲ್ಲ. 2016ರಲ್ಲಿ ಗೆದ್ದರು, 2017ರಲ್ಲಿ ಮತ್ತೆ ಗೆದ್ದರು. ಚೆಂಡು ಹುಡುಕಿ ಕೊಟ್ಟವರು, ಹುಲ್ಲು ಕತ್ತರಿಸಿದವರು, ಅವರ ಮಕ್ಕಳು. ಭಾರತದ ಗಾಲ್ಫ್‌ನ ಬೆನ್ನೆಲುಬು ಇವರೇ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಶನಿವಾರ: ಬಂಗಾರಪೇಟೆ ದಾರಿ, ಉರಿಗಾಂ

ಬಂಗಾರಪೇಟೆಗೆ ಇನ್ನೂ ಸ್ವಲ್ಪ ದೂರವಿರುವಾಗ ಹಿಂದಿನ ಚಕ್ರ ಪಂಕ್ಚರ್ ಆಯಿತು. ಮೊಳೆಯಲ್ಲ, ಜಾಲಿಮುಳ್ಳು. ಬೈಕ್ ತಳ್ಳುತ್ತಾ ಹೋದಾಗ ಹುಣಸೆಮರದ ಕೆಳಗೆ ಹಳೆಯ ಟೈರು ನೇತು ಹಾಕಿದ್ದ ಅಂಗಡಿ ಸಿಕ್ಕಿತು. ಹುಡುಗ ಟ್ಯೂಬ್ ಬಿಚ್ಚಿ ನೀರಿನ ತೊಟ್ಟಿಯಲ್ಲಿ ಅದ್ದಿ ಗುಳ್ಳೆ ಬರುವ ಜಾಗ ಹುಡುಕುತ್ತಿದ್ದರೆ, ಅವನ ತಂದೆ ನಮ್ಮ ಪ್ರಯಾಣದ ಕಾರಣ ವಿಚಾರಿಸಿದರು. ಕೇಳಿ ನಗಲಿಲ್ಲ. "ನಮ್ಮ ತಾತ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಳಗೆ ಇಳಿಯುತ್ತಿದ್ದರು. ಅವರ ತಮ್ಮ ಮೇಲೆ ಗಾಲ್ಫ್ ಚೀಲ ಹೊರುತ್ತಿದ್ದರು. ಉರಿಗಾಂ ಕಡೆ ಹೋಗಿ, ಚರ್ಚಿನ ಹತ್ತಿರ ಟೀ ಅಂಗಡಿಯಲ್ಲಿ ಕೇಳಿ. ಹಳಬರು ಇಬ್ಬರು ಮೂವರು ಇದ್ದಾರೆ" ಎಂದರು. ಮುಳ್ಳು ಚುಚ್ಚದಿದ್ದರೆ ಈ ವಿಳಾಸ ಸಿಗುತ್ತಿರಲಿಲ್ಲ.

ಬಂಗಾರಪೇಟೆ ದಾಟಿದ ಮೇಲೆ ನೆಲದ ಬಣ್ಣ ಬದಲಾಗುತ್ತದೆ. ದೂರದಲ್ಲಿ ಮೊದಲು ಕಾಣುವುದು ಸಯನೈಡ್ ದಿಬ್ಬಗಳು. ಚಿನ್ನ ತೆಗೆದ ಮೇಲೆ ಉಳಿದ ಪುಡಿಯನ್ನು ನೂರಕ್ಕೂ ಹೆಚ್ಚು ವರ್ಷ ಸುರಿದು ಎದ್ದುನಿಂತ ಬೂದು ಹಳದಿ ಗುಡ್ಡಗಳು, ಮಳೆ ಕೊರೆದ ಗೀರುಗಳೊಂದಿಗೆ. ಗಾಳಿ ಬೀಸಿದರೆ ಪುಡಿ ಕಣ್ಣಿಗೆ ಬರುತ್ತದೆ. ಬೈಕಿನಲ್ಲಿ ಬರುವವರು ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳಲೇಬೇಕು, ಮಕ್ಕಳನ್ನು ಕರೆತಂದಿದ್ದರೆ ದಿಬ್ಬದ ಮೇಲೆ ಹತ್ತಿಸಬಾರದು. ಊರಿನವರಿಗೆ ಮಾತ್ರ ಇಂಥ ಆಯ್ಕೆಯೇ ಇಲ್ಲ. ಗಣಿ 2001ರ ಫೆಬ್ರುವರಿಯಲ್ಲಿ ಮುಚ್ಚಿತು, ಧೂಳು ಮುಚ್ಚಲಿಲ್ಲ. ನೋಡಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಕೆಲಸ ಹಿಡಿದ ಮೇಲೆ ಬೆಳೆದ ಊರು ಇದು. ಆಗಿನ ಎಂಜಿನಿಯರುಗಳಿಗೆ ಬಂಗಲೆ, ಕ್ಲಬ್ಬು, ಟೆನಿಸ್ ಅಂಗಳ, ಗಾಲ್ಫ್ ಮೈದಾನ. ಉತ್ತರ ಆರ್ಕಾಟ್ ಕಡೆಯಿಂದ ಬಂದ ಕೂಲಿಯವರಿಗೆ ಸಾಲು ಸಾಲು ಲೈನ್ ಮನೆ. 1902ರಲ್ಲಿ ಶಿವನಸಮುದ್ರದಿಂದ 150 ಕಿ.ಮೀ. ಹತ್ತಿರದ ತಂತಿ ಎಳೆದು ಕರೆಂಟು ತಂದರು. ಬೆಂಗಳೂರಿಗೆ ದೀಪ ಬಂದದ್ದು ಅದಾದ ಮೇಲೆ. ಆ ಕರೆಂಟು ಬಂದದ್ದು ಯಂತ್ರಗಳಿಗೆ, ಬಂಗಲೆಗಳಿಗೆ. ಲೈನ್ ಮನೆಗಳ ಸಾಲಿನಲ್ಲಿ ನಡೆದರೆ ಎರಡು ಕೈ ಚಾಚುವಷ್ಟು ಅಗಲದ ಕೋಣೆಗಳು ಇಂದಿಗೂ ಇವೆ.

ಟೀ ಅಂಗಡಿಯಲ್ಲಿ ಕೇಳಿದ ಹತ್ತು ನಿಮಿಷದಲ್ಲಿ ಒಬ್ಬ ಹಿರಿಯರು ಬಂದರು. ಎಂಬತ್ತರ ಹತ್ತಿರದ ವಯಸ್ಸು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಾಲಲ್ಲಿ ಕ್ಯಾನ್ವಾಸ್ ಶೂ. ತಮಿಳು ಬೆರೆತ ಕನ್ನಡ. ನನ್ನನ್ನು "ಸಾರ್" ಎಂದರು, ಸೋದರಳಿಯನನ್ನು "ತಂಬಿ" ಎಂದರು. ಟೀ ಕುಡಿಯುವ ಮೊದಲೇ ಅವನ ಅಂಗೈ ಹಿಡಿದು ತಿರುಗಿಸಿ ನೋಡಿದರು. "ಹಿಡಿತ ತುಂಬಾ ಬಿಗಿ ತಂಬಿ. ಕಿರುಬೆರಳ ಕೆಳಗೆ ದಡ್ಡು ಬಿದ್ದಿದೆ ನೋಡು" ಎಂದರು. ಬೆಂಗಳೂರಿನ ತರಬೇತುದಾರರು ತಿಂಗಳುಗಟ್ಟಲೆ ಹೇಳಿದ್ದನ್ನೇ ಇವರು ಆಟ ನೋಡದೆ ಹೇಳಿದರು ಎಂದು ಅವನು ಆಮೇಲೆ ನನ್ನ ಕಿವಿಯಲ್ಲಿ ಹೇಳಿದ.

ಮೈದಾನದ ಕಡೆಗೆ ನಡೆದೆವು. ಗಣಿಯ ಜಾಗಗಳಲ್ಲಿ ಎಲ್ಲೆಂದರಲ್ಲಿ ಹೋಗಲು, ಫೋಟೊ ತೆಗೆಯಲು ಬಿಡುವುದಿಲ್ಲ. ಮುಚ್ಚಿದ ಬಾವಿಗಳ ಸುತ್ತ ನೆಲ ಕುಸಿಯುವ ಅಪಾಯವೂ ಇದೆ. ಊರಿನವರೊಬ್ಬರನ್ನು ಜೊತೆಗೆ ಕರೆದುಕೊಂಡು, ಕಾವಲಿನವರನ್ನು ಕೇಳಿಯೇ ಮುಂದೆ ಹೋಗುವುದು ಸರಿ. ನಮಗೆ ಹಿರಿಯರ ಮುಖವೇ ಸಾಕಾಯಿತು, ಕಾವಲಿನವನು ಎದ್ದು ನಮಸ್ಕಾರ ಮಾಡಿದ.

ಒಣಗಿದ ಹುಲ್ಲು, ಕೆಂಪು ನೆಲ, ನೀಲಗಿರಿ ಮರಗಳು, ಅವುಗಳ ಆಚೆ ದಿಬ್ಬದ ತುದಿ. ಬಯಲಿನ ನಡುವೆ ನಿಂತು ಅವರು ಕೋಲಿನಿಂದ ನೆಲದ ಮೇಲೆ ದೊಡ್ಡ ವೃತ್ತ ಎಳೆದರು.

"ಕುಳಿಯ ಸುತ್ತ ಹಸಿರು ಹುಲ್ಲಿನ ಗ್ರೀನ್ ಟಿವಿಯಲ್ಲಿ ನೋಡುತ್ತೀರಲ್ಲ ಸಾರ್, ನಾವು ಕಲಿತದ್ದು ಮರಳಿನ ಮೇಲೆ. ಬ್ರೌನ್ ಎನ್ನುತ್ತಿದ್ದೆವು. ಮರಳಿಗೆ ಹಳೆಯ ಎಣ್ಣೆ ಬೆರೆಸಿದರೆ ಗಾಳಿಗೆ ಹಾರುವುದಿಲ್ಲ. ನೀರು ಬೇಡವೇ ಬೇಡ."

ಸೋದರಳಿಯ ನನ್ನ ಕಡೆ ನೋಡಿದ. ಲಕ್ಷ್ಮೀಸಾಗರದ ಏರಿಯ ಮೇಲಿನ ಅವನ ಪ್ರಶ್ನೆಗೆ ಇಲ್ಲಿತ್ತು ಉತ್ತರ. ಒಣ ಸೀಮೆಗಳಲ್ಲಿ ಗಾಲ್ಫ್ ಆಡಿದವರು ಲೋಕದ ಹಲವು ಕಡೆ ಹೀಗೆಯೇ ಮಾಡಿದ್ದಾರೆ. ಕುಡಿಯುವ ನೀರನ್ನು ಬೇತಮಂಗಲದಿಂದ ತರಬೇಕಾಗಿದ್ದ ಊರಿನಲ್ಲಿ ಅದು ಬುದ್ಧಿವಂತಿಕೆಯ ಆಟ. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಯಾರೇ ಹೊಸದಾಗಿ ಮೈದಾನ ಮಾಡಲಿ, ಈ ಹಿರಿಯರನ್ನು ಒಮ್ಮೆ ಕೇಳಬೇಕು.

ಅವರು ಬಿದ್ದಿದ್ದ ಹಲಗೆಯ ತುಂಡೊಂದನ್ನು ಆರಿಸಿ ಮರಳು ಎಳೆಯುವುದು ಹೇಗೆಂದು ತೋರಿಸಿದರು. ಕಣದಲ್ಲಿ ರಾಗಿ ಹರಡುವ ಹೆಂಗಸರ ಹಾಗೆ ಬೆನ್ನು ಬಾಗಿಸಿ, ಕುಳಿಯ ಕಡೆಯಿಂದ ಚೆಂಡಿನ ಕಡೆಗೆ ಹಿಂದಕ್ಕೆ ನಡೆಯುತ್ತಾ ಒಂದೇ ಎಳೆತ. ನಡುವೆ ನಿಲ್ಲಿಸಿದರೆ ಏಣು ಬೀಳುತ್ತದೆ, ಚೆಂಡು ಅಲ್ಲಿ ತಿರುಗುತ್ತದೆ. "ದೊರೆ ಸೋತರೆ ಬೈಗುಳ ನಮಗೆ. ಅದಕ್ಕೇ ನಾವು ಕಲಿತೆವು" ಎಂದರು. ಕುಳಿಯ ಅಗಲ ನಾಲ್ಕೂಕಾಲು ಇಂಚು, ಲೋಕದ ಎಲ್ಲ ಮೈದಾನಗಳಲ್ಲೂ ಅಷ್ಟೇ. ಆ ಅಳತೆಯನ್ನು ಅವರು ಎರಡೂ ಕೈಗಳ ಹೆಬ್ಬೆರಳು ತೋರುಬೆರಳು ಕೂಡಿಸಿ ತೋರಿಸಿದರು. ಸೋದರಳಿಯ ತನ್ನಲ್ಲಿದ್ದ ಚೆಂಡನ್ನು ಆ ಬೆರಳುಗಳ ಬಳೆಯೊಳಗೆ ಇಳಿಸಿದ. ಇಬ್ಬರೂ ನಕ್ಕರು.

ಗಟ್ಟಿ ನೆಲದ ಆಟದ ಲೆಕ್ಕವೇ ಬೇರೆಯಂತೆ. ಚೆಂಡನ್ನು ಎತ್ತರಕ್ಕೆ ಹಾರಿಸಿ ಕುಳಿಯ ಪಕ್ಕ ಇಳಿಸುವುದಲ್ಲ, ಬಹಳ ಮೊದಲೇ ನೆಲಕ್ಕೆ ಬಿಟ್ಟು ಓಡಿಸಬೇಕು. ನೆಲದ ಪ್ರತಿ ಇಳಿಜಾರೂ ಬಾಯಿಪಾಠವಾಗಿರಬೇಕು. ಬರಿಗಾಲಿನಲ್ಲಿ ದಿನವೂ ಆ ನೆಲದ ಮೇಲೆ ನಡೆದವನಿಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತಿರಲು ಸಾಧ್ಯ?

"ನೀವು ಆಡುತ್ತಿದ್ದಿರಾ ಯಜಮಾನರೇ?" ಎಂದು ಕೇಳಿದೆ.

"ಸೋಮವಾರ ಬೆಳಿಗ್ಗೆ, ದೊರೆಗಳು ಏಳುವ ಮೊದಲು. ಒಂದು ಮುರಿದ ಐರನ್ ಕೋಲು ಇತ್ತು, ಅದಕ್ಕೆ ಬಿದಿರು ಕಟ್ಟಿಕೊಂಡಿದ್ದೆವು. ನಾಲ್ಕು ಜನಕ್ಕೆ ಒಂದೇ ಕೋಲು."

"ಪಂದ್ಯಗಳಿಗೆ?"

"ನಮ್ಮನ್ನು ಯಾರು ಕರೆಯುತ್ತಿದ್ದರು ಸಾರ್? ನಾನು ಆಮೇಲೆ ಗಣಿಗೆ ಸೇರಿದೆ. ರಿಟೈರ್ ಆಗುವವರೆಗೆ ಕೆಳಗೇ."

ಕೆಳಗೆ ಎಂದರೆ ಎಷ್ಟು ಕೆಳಗೆ? ಚಾಂಪಿಯನ್ ರೀಫ್ ಗಣಿ 3 ಕಿ.ಮೀ.ಗೂ ಹೆಚ್ಚು ಆಳ. ಇದೇ ಗಣಿಗಳ ಆಳದಲ್ಲಿ ನಮ್ಮ ವಿಜ್ಞಾನಿಗಳು 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಅತಿ ಸೂಕ್ಷ್ಮ ಕಣಗಳನ್ನು ಗುರುತಿಸಿದರು. ಲೋಕದಲ್ಲೇ ಮೊದಲ ಗುರುತುಗಳಲ್ಲಿ ಒಂದು ಅದು. ಬಿಲ್ಲೂ ಸೇಠಿ ಕಲ್ಕತ್ತದಲ್ಲಿ ಇಂಡಿಯನ್ ಓಪನ್ ಗೆದ್ದದ್ದೂ ಅದೇ ವರ್ಷ. ಈ ಎರಡನ್ನೂ ಹೇಳಿದಾಗ ಹಿರಿಯರು ಬೆರಳು ಮಡಿಚಿ ಲೆಕ್ಕ ಹಾಕಿದರು. ಆಗ ಅವರಿಗೆ ಇಪ್ಪತ್ತರ ಆಸುಪಾಸು. ಮುರಿದ ಐರನ್‌ನಲ್ಲಿ ಒಳ್ಳೆಯ ಹೊಡೆತ ಬೀಳುತ್ತಿದ್ದ ಕಾಲ.

ಕ್ಲಬ್‌ಗಳ ಗೋಡೆಯ ಮೇಲೆ ಗೆದ್ದವರ ಹೆಸರಿನ ಹಲಗೆ ಇರುತ್ತದೆ, ಬಂಗಾರದ ಅಕ್ಷರಗಳಲ್ಲಿ. ಆ ಗೆಲುವಿಗೆ ಯಾವ ಕೋಲು ಹಿಡಿಯಬೇಕೆಂದು ಹೇಳಿಕೊಟ್ಟವನ ಹೆಸರು ಯಾವ ಹಲಗೆಯ ಮೇಲೂ ಇಲ್ಲ. ಪ್ರತಿ ಸಾಲಿನ ಪಕ್ಕ ಇನ್ನೊಂದು ಹೆಸರಿಗೆ ಜಾಗ ಬಿಟ್ಟರೆ ಹಲಗೆಯೇನೂ ಒಡೆದು ಬೀಳುವುದಿಲ್ಲ. ಅಲಿ ಶೇರ್, ಮುನಿಯಪ್ಪ ಹುಟ್ಟುವ ಮೊದಲೇ ಇಲ್ಲಿ ಅಂಥ ಕೈಗಳಿದ್ದವು. ಬಾಗಿಲು ತೆರೆದಿರಲಿಲ್ಲ.

ಮಧ್ಯಾಹ್ನ ರಾಬರ್ಟ್‌ಸನ್‌ಪೇಟೆಯ ಮಾರುಕಟ್ಟೆಯ ಬದಿಯಲ್ಲಿ ಬಿರಿಯಾನಿ. ಹಿರಿಯರೂ ಜೊತೆಗೆ ಬಂದರು, ಶನಿವಾರವೆಂದು ಮೊಸರನ್ನ ಮಾತ್ರ ತಿಂದರು. ಬಿಲ್ಲನ್ನು ನಾವು ಕೊಡಲು ಹೋದರೆ ಅಂಗಡಿಯವನಿಗೆ ತಮಿಳಿನಲ್ಲಿ ಏನೋ ಗದರಿದರು, ಅವನು ನಮ್ಮ ದುಡ್ಡನ್ನು ಮುಟ್ಟಲಿಲ್ಲ. ಸಂಜೆ ಮೈದಾನದ ಅಂಚಿಗೆ ಮತ್ತೆ ಹೋದಾಗ ಲೈನ್ ಮನೆಗಳ ಕೆಲವು ಹುಡುಗರು ಹಳೆಯ ಕೋಲೊಂದನ್ನು ಸರದಿಯಲ್ಲಿ ಹಿಡಿದು ಹೊಡೆಯುತ್ತಿದ್ದರು. ಚೆಂಡಿನ ಬಿಳಿ ಬಣ್ಣ ಪೂರ್ತಿ ಹೋಗಿ ರಬ್ಬರ್ ಕಾಣುತ್ತಿತ್ತು. ಹನ್ನೆರಡರ ಹುಡುಗಿಯೊಬ್ಬಳು ಎಲ್ಲರಿಗಿಂತ ದೂರ ಹೊಡೆದಳು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕನೆಯ ಸ್ಥಾನ ಪಡೆದದ್ದು ಅವಳಿಗೆ ಗೊತ್ತಿತ್ತು. ಬಿಡದಿ ಕಡೆಯ ಹಳ್ಳಿಯಿಂದ ಬಂದ ಚಿಕ್ಕರಂಗಪ್ಪ ಮೈದಾನದಲ್ಲಿ ಚೆಂಡು ಆರಿಸುತ್ತಲೇ ವೃತ್ತಿಪರ ಆಟಗಾರರಾದದ್ದನ್ನು ನಾನು ಹೇಳಿದೆ. "ಅವರಿಗೆ ಕೋಲು ಯಾರು ಕೊಟ್ಟರು?" ಎಂದು ಕೇಳಿದಳು. ಕೇಳಬೇಕಾದ ಪ್ರಶ್ನೆ ಅದೇ.

ಭಾನುವಾರ: ಬೂದಿಕೋಟೆ, ಬಂಗಾರಪೇಟೆ

ಬೆಳಿಗ್ಗೆ ಅಕಾಲದ ತುಂತುರು. ಮಾರಿಕುಪ್ಪಂ ನಿಲ್ದಾಣಕ್ಕೆ ಹೋಗಿ ಬೆಂಗಳೂರಿಗೆ ದಿನವೂ ಕೆಲಸಕ್ಕೆ ಹೋಗಿಬರುವವರ ರೈಲು ನೋಡಿದೆವು. ಭಾನುವಾರವಾದ್ದರಿಂದ ಸೀಟು ಖಾಲಿ. ಉಳಿದ ದಿನಗಳಲ್ಲಿ ನಿಲ್ಲಲೂ ಜಾಗವಿರುವುದಿಲ್ಲವಂತೆ. ಬೈಕ್ ಇಲ್ಲದವರು ಈ ರೈಲಿನಲ್ಲಿ ಬಂದರೆ ಉರಿಗಾಂನಲ್ಲಿಯೇ ಇಳಿಯಬಹುದು.

ಹೈದರಾಲಿ ಹುಟ್ಟಿದ ಬೂದಿಕೋಟೆಗೆ ಹೋಗುವ ದಾರಿಯಲ್ಲಿ ಮಳೆ ಜೋರಾಯಿತು. ಬಂಡೆಗಳ ನಡುವಿನ ಕೋಟೆಯ ಗೋಡೆ ನೆನೆದು ಕಪ್ಪಾಗಿತ್ತು, ಹತ್ತಲು ಹೋದರೆ ಕಾಲು ಜಾರುತ್ತಿತ್ತು. ಅರ್ಧಕ್ಕೆ ಇಳಿದು ಒಂದು ಮನೆಯ ಜಗುಲಿಯಲ್ಲಿ ನಿಂತೆವು. ಆ ಮನೆಯಾಕೆ ಕೇಳದೆಯೇ ಬಿಸಿ ಕಾಫಿ ತಂದುಕೊಟ್ಟರು.

ಮಳೆ ನಿಂತ ಮೇಲೆ ಬಂಗಾರಪೇಟೆ. ಇಲ್ಲಿನ ಪಾನಿಪುರಿಯ ನೀರಿಗೆ ಬಣ್ಣವಿಲ್ಲ, ಬಾವಿ ನೀರಿನಷ್ಟೇ ತಿಳಿ. ಬಾಯಿಗೆ ಹಾಕಿದ ಮೇಲೆಯೇ ಮೆಣಸಿನಕಾಯಿ ಎಲ್ಲಿದೆ ಎಂದು ಗೊತ್ತಾಗುವುದು. ಕಣ್ಣಲ್ಲಿ ನೀರು ತುಂಬಿಕೊಂಡೇ ಸೋದರಳಿಯ ತನ್ನ ಗೆಳೆಯರಿಗೆಲ್ಲ ಮೊಬೈಲ್‌ನಲ್ಲಿ ಸಂದೇಶ ಕಳುಹಿಸುತ್ತಿದ್ದ. ಅಭ್ಯಾಸದ ಮೈದಾನದಲ್ಲಿ ಬದಿಗಿಟ್ಟ ಹಳೆಯ ಚೆಂಡು, ಉದ್ದ ಬೆಳೆದ ಮಕ್ಕಳು ಬಿಟ್ಟ ಚಿಕ್ಕ ಕೋಲು, ಏನಿದ್ದರೂ ಕೊಡಿ ಎಂದು. ನಾವು ಹೊಸಕೋಟೆ ಮುಟ್ಟುವ ಹೊತ್ತಿಗೆ ಇಬ್ಬರು ಒಪ್ಪಿದ್ದರು. ಒಬ್ಬನ ಬಳಿ ಮಕ್ಕಳ ಅಳತೆಯ ಅರ್ಧ ಸೆಟ್ ಇತ್ತು, ಚೆಂಡನ್ನು ಕುಳಿಗೆ ಉರುಳಿಸುವ ಪಟರ್ ಮಾತ್ರ ಇರಲಿಲ್ಲ.

ಪಟರ್ ಇಲ್ಲವೆಂದು ಹಿರಿಯರಿಗೆ ಫೋನ್ ಮಾಡಿದಾಗ ಅವರು, "ಅದು ಬೇಡ ತಂಬಿ, ಕಬ್ಬಿಣ ನಮ್ಮ ಊರಲ್ಲೇ ಇದೆ, ಮಾಡಿಸುತ್ತೇನೆ. ಚೆಂಡು ಮಾತ್ರ ಜಾಸ್ತಿ ಕಳಿಸು. ಆ ಹುಡುಗಿ ಹೊಡೆದರೆ ದಿಬ್ಬದ ಆಚೆಗೆ ಹೋಗುತ್ತದೆ" ಎಂದರು.